ಸತ್ತ ಮೇಲೆ ಊಟಕ್ಕೆ ಬಂದ ಗಂಡ

ತಿಂಗಳಿಗೊಮ್ಮೆ ನಾವು ನಾಲ್ವರು ಕಾದಂಬರಿಕಾರರು ಒಂದು ಹೋಟೆಲಿನ ಮಹಡಿಯ ಮೇಲೆ ಸೇರಿ, ತೀರಿಹೋದ ಒಬ್ಬ ಹಿರಿಯ ಕಾದಂಬರಿಕಾರರಿಂದ ಸ್ಫೂರ್ತಿ ಪಡೆಯುತ್ತೇವೆ. ಸ್ಫೂರ್ತಿ ಸೂಪಿನ ಹೊತ್ತಿಗೆ ಶುರುವಾಗಿ, ಐಸ್‌ಕ್ರೀಮು ಬರುವಷ್ಟರಲ್ಲಿ ಜಗಳವಾಗಿರುತ್ತದೆ.

ಹಿರಿಯರ ಪ್ರಸಿದ್ಧ ಕಾದಂಬರಿಯ ಹನ್ನೊಂದನೆಯ ಅಧ್ಯಾಯದಲ್ಲಿ ನಾಯಕ ಸಾಯುತ್ತಾನೆ. ಹೆಂಡತಿ ಎದೆ ಬಡಿದುಕೊಂಡು ಅಳುತ್ತಾಳೆ. ಹನ್ನೆರಡರಲ್ಲಿ ಅದೇ ನಾಯಕ ಕೆಲಸ ಮುಗಿಸಿ ಮನೆಗೆ ಬಂದು, ಕೈಕಾಲು ತೊಳೆದು, ಉಪ್ಪು ಜಾಸ್ತಿಯಾಯಿತೆಂದು ಗೊಣಗುತ್ತ ಉಣ್ಣುತ್ತಾನೆ. ಹೆಂಡತಿ ನಗುತ್ತ ಬಡಿಸುತ್ತಾಳೆ. ಈ ಒಂದು ನೆಗೆತದ ಮೇಲೆ ನಮ್ಮ ತಲೆಮಾರು ಹೊಟ್ಟೆ ಹೊರೆದಿದೆ. ನನ್ನ ನಾಲ್ಕು ಕಾದಂಬರಿಗಳಲ್ಲೇ ಏಳು ಜನ ಸತ್ತ ಮೇಲೆ ಮನೆಗೆ ಬಂದಿದ್ದಾರೆ. ಒಬ್ಬನಂತೂ ಮದುವೆಯನ್ನೂ ಆಗಿದ್ದಾನೆ. ನಮ್ಮಲ್ಲೊಬ್ಬರು ಆ ಹೆಂಡತಿಯ ಹುಚ್ಚಿನ ಬಗ್ಗೆ ಪ್ರಬಂಧ ಬರೆದು ಡಾಕ್ಟರಾದರು. ಜ್ವರ ಬಂದಾಗ ಮಾತ್ರ ನಾವು ಅವರ ಬಳಿ ಹೋಗುವುದಿಲ್ಲ.

ಆ ಕಾದಂಬರಿಯ ಹೊಸ ಆವೃತ್ತಿಗೆ ನಾವೇ ಸಂಪಾದಕರು. ಸೋಮವಾರ ಅಚ್ಚಿಗೆ ಹೋಗಬೇಕಿತ್ತು. ಅದಕ್ಕೆ ಮೊದಲಿನ ಶನಿವಾರದ ಊಟಕ್ಕೆ, ಮೊದಲ ಆವೃತ್ತಿಯ ಅಚ್ಚಿನ ಮೊಳೆ ಜೋಡಿಸಿದ ಹೆಂಗಸನ್ನು ಹುಡುಕಿ ಕರೆತಂದೆವು.

ಅಚ್ಚುಕೂಟದವರು ಆಕೆಯನ್ನು ಮೊಳೆಯಕ್ಕ ಎನ್ನುತ್ತಿದ್ದರಂತೆ. ವಯಸ್ಸು ಎಂಬತ್ತರ ಹತ್ತಿರ. ಹದಿನೇಳಕ್ಕೆ ಕೆಲಸಕ್ಕೆ ಸೇರಿ ಮೂವತ್ತೆರಡು ವರ್ಷ ನಿಂತುಕೊಂಡೇ ಸೀಸದ ಅಕ್ಷರಗಳನ್ನು ಹೆಕ್ಕಿ ಸಾಲು ಮಾಡಿದವರು. ಸಾಲನ್ನು ಒತ್ತಿ ಹಿಡಿದು ಹಿಡಿದು ಎಡಗೈ ಹೆಬ್ಬೆರಳು ಹೊರಕ್ಕೆ ಬಾಗಿಬಿಟ್ಟಿತ್ತು. ಕಂಪ್ಯೂಟರು ಬಂದ ಮೇಲೆ ಮಾಲೀಕರು ಕೈಗೆ ಕೊಟ್ಟು ಕಳಿಸಿದ ಮೊಳೆಪೆಟ್ಟಿಗೆಯ ಗೂಡುಗಳಲ್ಲಿ ಈಗ ಗುಂಡಿ, ಸೂಜಿ, ಬಿಪಿ ಮಾತ್ರೆ, ಸೊಸೆಗೆ ಗೊತ್ತಾಗಬಾರದ ಪೆಪ್ಪರಮೆಂಟು. ನಮ್ಮ ಕೂಟದ ಅಧ್ಯಕ್ಷರು ಮೆನು ಹಿಡಿದು ತಡಕಾಡುತ್ತಿದ್ದಾಗ, ಎದುರು ಕೂತ ಮೊಳೆಯಕ್ಕ ಮೊಳೆ ಓದಿದ ರೂಢಿಯಲ್ಲಿ ಅದನ್ನು ತಲೆಕೆಳಗಾಗಿಯೇ ಗಡಗಡ ಓದಿ ಮುಗಿಸಿದರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಅಕ್ಕಾ, ಆ ಹನ್ನೆರಡನೇ ಅಧ್ಯಾಯ ಜೋಡಿಸುವಾಗ ಮೈ ಜುಮ್ಮಂದಿರಬೇಕಲ್ಲ?”

“ಜುಮ್ಮಂದಿದ್ದು ಪುಸ್ತಕ ಹೊಲಿದು ಬಂದ ಮೇಲೆ. ಅದು ಹನ್ನೊಂದನೇದು ಕಣಪ್ಪ. ನಾನು ಹಿಂದುಮುಂದು ಮಾಡಿಬಿಟ್ಟೆ.”

ಡಾಕ್ಟರ ಚಮಚ ಸೂಪಿನಲ್ಲಿ ಮುಳುಗಿತು.

ಹಿರಿಯರು ಅಧ್ಯಾಯಕ್ಕೆ ಅಂಕಿ ಹಾಕುತ್ತಿರಲಿಲ್ಲವಂತೆ. ಪ್ರತಿ ಅಧ್ಯಾಯದ ಪುಟವೂ ಒಂದರಿಂದ ಶುರು, ಮೇಲೊಂದು ದಾರ. ಒಂದು ದಿನ ಸೂರು ಸೋರಿದಾಗ ಎರಡು ಕಟ್ಟು ಎತ್ತಿ ಕಪಾಟಿನ ಮೇಲಿಟ್ಟದ್ದು, ಇಳಿಸುವಾಗ ಅದಲುಬದಲಾಯಿತು.

“ಕರಡು ಯಾರೂ ನೋಡಲಿಲ್ವೆ?” ಎಂದೆ.

“ಅವರ ಭಾಮೈದ ನೋಡಿದ. ಕಾಗುಣಿತ ನೋಡಿದ, ಕತೆ ನೋಡಲಿಲ್ಲ.”

“ಹಿರಿಯರು ಏನಂದರು?”

“ಚಪ್ಪಲಿ ಕೈಲಿ ಹಿಡ್ಕೊಂಡು ಓಡಿ ಬಂದ್ರು. ನಾನು ಅತ್ತುಬಿಟ್ಟೆ. ಇರಲಿ ಬಿಡಮ್ಮ, ಮುಂದಿನ ಸಲ ತಿದ್ದೋಣ ಅಂದ್ರು. ಅಷ್ಟರಲ್ಲಿ ಪತ್ರಿಕೆಯವರು ಆಹಾ ಓಹೋ ಅಂತ ಬರೆದ್ರಲ್ಲ, ಇನ್ನೊಂದು ದಿನ ಬಂದು ಯಾರಿಗೂ ಹೇಳಬೇಡಮ್ಮ ಅಂದ್ರು.”

“ಮತ್ತೆ ಈಗ ಹೇಳ್ತಿದ್ದೀರಲ್ಲ!” ಡಾಕ್ಟರು ಕೂಗಿಯೇಬಿಟ್ಟರು.

“ನಿಮ್ಮಿಂದಾನೇ. ಮೊಮ್ಮಗಳ ಪಾಠದಲ್ಲಿ ನಿಮ್ಮ ಲೇಖನ ಇದೆ. ಆ ಹೆಂಗಸು ಹುಚ್ಚಿ ಅಂತೆ. ಗಂಡ ಬದುಕಿದ್ದಾಗ ನಕ್ಕಳು, ಸತ್ತಾಗ ಅತ್ತಳು, ಅದರಲ್ಲಿ ಏನಪ್ಪ ಹುಚ್ಚು? ಕೈತಪ್ಪು ನಂದು, ಹುಚ್ಚಿ ಅನ್ನಿಸಿಕೊಂಡಿದ್ದು ಅವಳು. ಈ ಸಲ ಸರಿ ಮಾಡಿಬಿಡಿ. ನಾನು ಇನ್ನೊಂದು ಆವೃತ್ತಿಗೆ ಇರ್ತೀನೋ ಇಲ್ವೋ.”

“ಅದನ್ನ ಸರಿ ಮಾಡಿದರೆ ನಾವೆಲ್ಲ ಏನಾಗಬೇಕು ಅಕ್ಕಾ?” ಅಧ್ಯಕ್ಷರ ದನಿ ಅಳುಬುರುಕಾಗಿತ್ತು. ಕೈ ಎತ್ತಿಸಿದರು. ಯಥಾಸ್ಥಿತಿಗೆ ಮೂರು ಕೈ. ತಿದ್ದುವುದಕ್ಕೆ ನಾನು ಕೈಯನ್ನು ಕಿವಿಯವರೆಗೆ ಎತ್ತಿದೆ. ಪರಿಚಾರಕ ಬಂದು ಇನ್ನೊಂದು ಬ್ರೆಡ್ ಇಟ್ಟು ಹೋದ. ನನ್ನ ಧೈರ್ಯ ಸಾಮಾನ್ಯವಾಗಿ ಇಷ್ಟೇ ಎತ್ತರ ಏರುತ್ತದೆ.

ಮೊಳೆಯಕ್ಕ ಐಸ್‌ಕ್ರೀಮು ಮುಟ್ಟಲಿಲ್ಲ. ಮನೆಗೆ ಬಿಡುವಾಗ ಕಾರಿನಲ್ಲಿ ಕೇಳಿದ್ದು ಒಂದೇ: “ಸೋಮವಾರ ಪ್ರೆಸ್ಸಿಗೆ ಹೋಗೋರು ಯಾರು?”

“ನಾನೇ. ಕಾರಿರೋದು ನನ್ನ ಹತ್ತಿರ ಮಾತ್ರ.”

“ಹತ್ತು ಗಂಟೆಗೆ ರೆಡಿ ಇರ್ತೀನಿ.”

ಬೇಡ ಎನ್ನಲು ಭಾನುವಾರವಿಡೀ ಅಭ್ಯಾಸ ಮಾಡಿದೆ. ಸೋಮವಾರ ಅವರು ಇಸ್ತ್ರಿ ಮಾಡಿದ ಸೀರೆಯುಟ್ಟು ಗೇಟಿನ ಹೊರಗೆ ನಿಂತಿದ್ದರು, ಅಭ್ಯಾಸ ವ್ಯರ್ಥವಾಯಿತು. ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸಿಗೆ ನಾನೇ, ಸಂಪಾದಕನ ಠೀವಿಯಲ್ಲಿ, ಎರಡು ಅಧ್ಯಾಯಗಳನ್ನು ಅದಲುಬದಲು ಮಾಡಲು ಹೇಳಿದೆ. ಅರ್ಧ ನಿಮಿಷ ಹಿಡಿಯಿತು.

“ಇಷ್ಟೇನಾ?” ಎಂದರು ಮೊಳೆಯಕ್ಕ, ಸ್ವಲ್ಪ ನಿರಾಸೆಯಿಂದ.

ಪುಸ್ತಕ ಬಂದು ನಾಲ್ಕು ತಿಂಗಳಾಯಿತು. ಹೆಂಡತಿಯ ಹುಚ್ಚಿನ ಬಗ್ಗೆ ಡಾಕ್ಟರ ಮುನ್ನುಡಿ ಹಾಗೆಯೇ ಇದೆ. ನಮ್ಮ ಊಟಗಳೂ ನಡೆದಿವೆ. ಇನ್ನೂ ಯಾರೂ ನನ್ನ ಮೇಲೆ ತಟ್ಟೆ ಎಸೆದಿಲ್ಲ. ಅಷ್ಟು ದೂರ ಓದಿದ್ದರೆ ತಾನೆ!

ಮೊದಲ ಪ್ರತಿಯನ್ನು ಮೊಳೆಯಕ್ಕನಿಗೆ ಕೊಟ್ಟೆ. ಅವರು ಮುನ್ನುಡಿ ಹಾರಿಸಿ ನೇರವಾಗಿ ಹನ್ನೊಂದಕ್ಕೆ ಹೋದರು. ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಾಡಿಸುತ್ತ, ಗಂಡ ಉಂಡು ಏಳುವವರೆಗೆ ಓದಿದರು. ಪುಟ ತಿರುಗಿಸಿ ಅವನು ಸಾಯುವವರೆಗೂ ಓದಿದರು. ಆಮೇಲೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಈಗ ಅಳಲಿ ಪಾಪ,” ಎಂದರು.