ಬುಡ್ತು ಅನ್ನಿ, ಟೀಚರ್

ದೆವ್ವದ ಕಥೆ ಹೇಳಲು ಬಂದವರಿಗೆ "ಸಾಕು ಸುಮ್ನಿರಿ, ಕಾಫಿ ಕುಡೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನು. ಈಗ ನನ್ನ ಕಥೆಯನ್ನು ನಂಬಿ ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ನಡೆದದ್ದನ್ನಷ್ಟೇ ಹೇಳುತ್ತೇನೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಕುಂಬಾರಕೊಪ್ಪಲಿನ ನಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ರೋಸಮ್ಮ ಟೀಚರ್ ಬಾಡಿಗೆಗಿದ್ದರು. ಒಂಟಿ ಜೀವ. ಜೆರೂಸಲೇಮ್ ನೋಡಬೇಕೆಂಬುದೊಂದೇ ಅವರ ಆಸೆ. "ನಮ್ಮ ಸ್ವಾಮಿ ಸಮಾಧಿ, ಯಹೂದ್ಯರ ಗೋಡೆ, ಮುಸಲ್ಮಾನರ ಗುಮ್ಮಟ, ಎಲ್ಲಾ ಒಂದೇ ಊರಲ್ಲಿ ಕಣಮ್ಮ. ನೋಡ್ಬುಟ್ರೆ ಅಲ್ಲೇ ಕಣ್ಮುಚ್ಚಿದ್ರೂ ಸೈ" ಎನ್ನುತ್ತಿದ್ದರು. ಅಂತೂ ಯಾತ್ರೆಯ ಗುಂಪೊಂದರ ಜೊತೆ ಹೊರಟರು. ಜಟಕಾ ಹತ್ತುವಾಗ ಬೀಗದ ಕೈ ನನಗೆ ಕೊಟ್ಟು, "ಹೋಗ್ತೀನಿ ಕಣಮ್ಮ" ಅಂದರು.

"ಅಯ್ಯೋ, ಬುಡ್ತು ಅನ್ನಿ ಟೀಚರ್! ಹೋಗ್ಬರ್ತೀನಿ ಅನ್ನಿ!"

ಅವರು ನಕ್ಕರು. ನಾನು ಬಿಡಬೇಕಲ್ಲ! ಸೆರಗು ಹಿಡಿದು ನಿಂತೆ. "ಆಯ್ತು ತಾಯಿ, ಬುಡ್ತು. ಬರ್ತೀನಿ, ಬಂದೇ ಬರ್ತೀನಿ. ಸಾಕಾ?" ಅಂದಮೇಲೆಯೇ ಸೆರಗು ಬಿಟ್ಟದ್ದು.

ತಿಂಗಳೆರಡಾಗಿತ್ತು. ಒಂದು ಮಟಮಟ ಮಧ್ಯಾಹ್ನ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೂರು ತಿಂಗಳ ಮಗಳನ್ನು ತೊಟ್ಟಿಲಲ್ಲಿ ಮಲಗಿಸಿ, ಒಲೆಯ ಮೇಲೆ ಎಸರಿಟ್ಟು, ಟೀಚರ್ ಬರುವ ಹೊತ್ತಾಯಿತೆಂದು ಅವರ ಕೋಣೆ ಗುಡಿಸಲು ಹೋದೆ. ಹಿಂದೆ ಬಾಗಿಲು ಮುಚ್ಚಿಕೊಂಡಿತು. ಗಾಳಿಯಿರಲಿಲ್ಲ. ಎಳೆದರೆ ಬರಲೊಲ್ಲದು. ಹೊರಗಿನ ಚಿಲಕ ಬಿದ್ದಿರಬೇಕೆಂದು ಸಂದಿಯಲ್ಲಿ ನೋಡಿದೆ, ಚಿಲಕ ಸುಮ್ಮನೆ ನೇತಾಡುತ್ತಿತ್ತು. ಗುದ್ದಿದೆ, ಒದ್ದೆ, ಗಂಟಲು ಹರಿಯುವಂತೆ ಕೂಗಿದೆ. ಕಿಟಕಿಗೆ ಕಬ್ಬಿಣದ ಸರಳು. ಅತ್ತ ಮಗು ಎದ್ದು ಅಳತೊಡಗಿತು. ಒಲೆಯ ಹೊಗೆ ಹಿತ್ತಲಿಗೂ ಬಂತು. ಮಗು ಚೀರಿತು, ಚೀರಿತು, ಆಮೇಲೆ ಒಮ್ಮೆಗೇ ಸುಮ್ಮನಾಯಿತು.

ಆಗ ಬೆನ್ನ ಹಿಂದೆಯೇ ಟೀಚರ ದನಿ. "ಬಂದೆ ಕಣಮ್ಮ. ಇನ್ನಾದ್ರೂ ಬುಡು." ಬಹಳ ದಣಿದಿತ್ತು ಆ ದನಿ. ತಿರುಗಿದರೆ ಯಾರೂ ಇಲ್ಲ. ಮನೆಗೆ ಬಂದ ಯಾರಿಗೂ ಆಡಬಾರದ ಮಾತು ನನ್ನ ಬಾಯಿಂದ ಹೇಗೆ ಬಂತೋ!

"ಬುಡ್ತು, ಟೀಚರ್. ಹೋಗಿ."

ಬಾಗಿಲು ತೆರೆದುಕೊಂಡಿತು. ಬಿದ್ದೆನೋ ಎದ್ದೆನೋ ಎಂದು ಓಡಿದೆ. ಮಗಳು ಬೆರಳು ಚೀಪುತ್ತಾ ಮಲಗಿದ್ದಳು. ತೊಟ್ಟಿಲು ಮೆಲ್ಲಗೆ ತೂಗುತ್ತಿತ್ತು.

ತಿಂಗಳ ಮೇಲೆ ಇಗರ್ಜಿಯ ಪಾದ್ರಿಗಳು ಒಂದು ಕಾಗದ ಹಿಡಿದು ಬಂದರು. ಟೀಚರಿಗೆ ಜೆರೂಸಲೇಮಿನಲ್ಲಿ ಜ್ವರ ಹಿಡಿದಿತ್ತಂತೆ. ಅವರನ್ನು ಆಸ್ಪತ್ರೆಗೆ ಸೇರಿಸಿ ಗುಂಪು ಮುಂದಕ್ಕೆ ಹೋಗಿತ್ತಂತೆ. ಎರಡು ದಿನ ಜೀವ ಹೋಗದೆ ಒದ್ದಾಡಿ, ನನ್ನ ಮೇಲೆ ಬಾಗಿಲು ಮುಚ್ಚಿದ ದಿನವೇ ತೀರಿಕೊಂಡಿದ್ದರು. ಕೊನೆಯವರೆಗೂ ಒಂದೇ ಮಾತು ಹೇಳುತ್ತಿದ್ದರಂತೆ. ಅಲ್ಲಿಯ ನರ್ಸುಗಳಿಗೆ ಅರ್ಥವಾಗದೆ, ಕಿವಿಗೆ ಬಿದ್ದ ಹಾಗೆ ಕಾಗದದಲ್ಲಿ ಬರೆದಿದ್ದರು. ಪಾದ್ರಿಗಳು ಓದಿದರು: "ಬರ್ತೀನಿ, ಬರ್ತೀನಿ."

ಇದೇನೆಂದು ನನಗೆ ಇಂದಿಗೂ ತಿಳಿದಿಲ್ಲ. ಅದೇ ಮಗಳು ಈಗ ಗಂಡನ ಮನೆಗೆ ಹೊರಡುವಾಗ ಗಡಿಬಿಡಿಯಲ್ಲಿ "ಹೋಗ್ತೀನಮ್ಮ" ಅಂದುಬಿಡುತ್ತಾಳೆ. ಅಕ್ಕಪಕ್ಕದವರು "ಬುಡ್ತು ಅನ್ನು" ಎಂದು ಗದರುತ್ತಾರೆ. ನಾನು ಮಾತ್ರ ಬಾಯಿ ಬಿಡುವುದಿಲ್ಲ, ಅವಳ ಸೆರಗನ್ನೂ ಹಿಡಿಯುವುದಿಲ್ಲ.