ಒಡ್ಡಿನಕ್ಕ ಮತ್ತು ಎರಡು ದೇಶಗಳ ಗೋಡೆ

ಮುತ್ತಜ್ಜ ಕಡಲಿಗೆ ಸೆಡ್ಡು ಹೊಡೆದು, ತಲೆಯ ಮೇಲೆ ಮಣ್ಣು ಹೊತ್ತು, ಉಪ್ಪಿನ ಆಗರಕ್ಕೆ ಮೊದಲ ಒಡ್ಡು ಹಾಕಿದವನು. ಅಜ್ಜಿ, ತೂಬಿನ ಹಲಗೆ ಮುರಿದ ದಿನ, ಗಂಡಸರು ಬರುವವರೆಗೆ ತನ್ನ ಬೆನ್ನನ್ನೇ ಹಲಗೆ ಮಾಡಿ ನಿಂತವಳು. ಅಪ್ಪನೋ, ಆಗರ ಬಿಟ್ಟುಕೊಡು ಎಂದು ಬಂದ ಸಾಹೇಬರನ್ನು ಮೊಣಕಾಲುದ್ದ ಕೆಸರಲ್ಲಿ ನಡೆಸಿ, ಬೂಟು ಅಲ್ಲೇ ಬಿಟ್ಟು ಓಡುವಂತೆ ಮಾಡಿದವನು. ಇಂಥವರ ವಂಶದ ಕುಡಿ ಒಡ್ಡಿನಕ್ಕ. ಮಾತು ಖಾರ, ಗುದ್ದಲಿ ಹಿಡಿದರೆ ಕೈ ಇನ್ನೂ ಖಾರ.

ಅವಳ ಕಾಲಕ್ಕೆ ಕಡಲಿನ ಮರ್ಜಿಯೇ ಬದಲಾಯಿತು. ಒಡ್ಡಿನ ಬುಡ ನೆಕ್ಕಿ ಹೋಗುತ್ತಿದ್ದ ನೀರು ನೆತ್ತಿ ಹತ್ತಿ ಇಣುಕತೊಡಗಿತು. ದೂರದ ದೊಡ್ಡ ದೇಶಗಳ ಹೊಗೆಯಿಂದ ಭೂಮಿ ಕಾದು ಕಡಲು ಉಬ್ಬುತ್ತಿದೆ ಎಂದು ರೇಡಿಯೋ ಹೇಳಿತು. ಅಂಥದೇ ಒಂದು ದೇಶ ಪಕ್ಕದ ಊರಿಗೆ ಕಾಂಕ್ರೀಟ್ ಗೋಡೆ ದಾನ ಮಾಡಿ, ಅದರ ಮೇಲೆ ತನ್ನ ಬಾವುಟ ಬಳಿದು, ಮರೆಯಲ್ಲಿ ತನ್ನ ಹಡಗು ತಂದು ನಿಲ್ಲಿಸಿತು. ಆ ಗೋಡೆಗೆ ಬಡಿದ ಅಲೆ ಸುಮ್ಮನಿದ್ದೀತೆ? ಹೊರಳಿ ಬಂದು ಒಡ್ಡಿನಕ್ಕನ ಒಡ್ಡನ್ನು ನಟ್ಟನಡುವೆ ಸೀಳಿತು. ಕೂಡಿಟ್ಟ ಉಪ್ಪೆಲ್ಲ ನೀರುಪಾಲು. ಹುಣ್ಣಿಮೆಯ ಉಬ್ಬರ ಬರುವುದರೊಳಗೆ ಸೀಳು ಮುಚ್ಚದಿದ್ದರೆ ಆಗರವೇ ಇಲ್ಲ.

ಅವಳೂ ತಮ್ಮನೂ ಸೊಸೆಯೂ ಮಣ್ಣು ಹೊರುತ್ತಿದ್ದಾಗ, ಮೊದಲಿನ ದೇಶವನ್ನು ಕಂಡರಾಗದ ಇನ್ನೊಂದು ದೊಡ್ಡ ದೇಶದ ಅಧಿಕಾರಿ ಜೀಪಿನಲ್ಲಿ ಬಂದಿಳಿದ. ಜೊತೆಗೊಬ್ಬ ದುಭಾಷಿ.

"ಅಮ್ಮಾ, ಇವರೂ ಗೋಡೆ ಕಟ್ಟಿಕೊಡ್ತಾರಂತೆ. ಆ ಕಡೆಯದಕ್ಕಿಂತ ಎತ್ತರದ್ದು," ಎಂದ ದುಭಾಷಿ.

"ಆಮೇಲೆ?"

"ದಂಡೆ ಮಾತ್ರ ಇವರ ಸುಪರ್ದಿಗೆ. ಇವರ ಹಡಗೂ ನಿಲ್ಬೇಕಲ್ಲ. ಮತ್ತೆ, ದೇಶದೇಶದವರು ಸೇರೋ ಸಭೇಲಿ ಹೊಗೆ ಮಾತು ಬಂದಾಗ ನಮ್ಮ ಸರ್ಕಾರ ಇವರ ಪರ ಕೈ ಎತ್ತುತ್ತೆ, ಅದು ಆಗಲೇ ಮಾತಾಗಿದೆ. ನಿಮ್ಮದೊಂದು ಒಪ್ಪಿಗೆ ಸಾಕು, ಆಗರ ನಿಮ್ಮದಲ್ವಾ."

ತಮ್ಮ ಬುಟ್ಟಿ ಇಳಿಸಿದ. "ಹೂಂ ಅನ್ನಕ್ಕಾ. ನನ್ನ ಸೊಂಟ ಬಿದ್ದುಹೋಗಿದೆ."

"ಬಿದ್ದಿದ್ರೆ ಎತ್ಕೋ. ನಿನ್ನ ಸೊಂಟದ ಮುಖ ನೋಡಿ ದಂಡೆ ಬರ್ಕೊಡ್ಲಾ?"

ಸೊಸೆ ಮುಖ ತಿರುಗಿಸಿ ನಕ್ಕಳು.

ಅಧಿಕಾರಿ ಸೀಳಿನತ್ತ ಕೈ ತೋರಿಸಿ ಏನೋ ಅಂದ. "ಉಬ್ಬರ ಬರೋದ್ರೊಳಗೆ ನಿಮ್ಮ ಮೂವರಿಂದ ಆಗಲ್ಲ ಅಂತಾರೆ," ಎಂದ ದುಭಾಷಿ.

ಆಗದಿರಬಹುದು. ಅದು ಅವಳಿಗೂ ಗೊತ್ತಿತ್ತು. ಗುದ್ದಲಿಯನ್ನು ಕೆಸರಿಗೆ ಊರಿ ನಿಂತಳು.

"ಆಗದಿದ್ರೆ ಮುಳುಗ್ತೀವಿ, ನಮ್ಮ ದಂಡೆ ಮೇಲೆ ನಿಂತೇ ಮುಳುಗ್ತೀವಿ. ಕಡಲು ಉಬ್ಬಿಸಿದವರೇ ಗೋಡೆ ಹೊತ್ಕೊಂಡು ಬಂದ್ರೆ ನಾನ್ಯಾಕಪ್ಪ ಕೈ ಮುಗೀಲಿ? ಕೊಡೋ ಮನಸ್ಸಿದ್ರೆ ಅವರೂರಿನ ಹೊಗೆ ಇಳಿಸಲಿ. ಗೋಡೆ ನನಗೆ ಬೇಡ. ಈಗ ಆ ಜೀಪು ಪಕ್ಕಕ್ಕೆ ತಗೋ, ನಾವು ಮಣ್ಣು ಹೊರೋ ದಾರಿಗೆ ಅಡ್ಡ ನಿಂತಿದೆ."