ತುಟಿ ಸಾಲು

ಅಕ್ಕನಾಗಮ್ಮನಿಗೆ ಹೊಟ್ಟೆಕಿಚ್ಚಿತ್ತು. ಬೀಳ್ಕೊಡುಗೆಯ ದಿನ ಮಾತನಾಡಿದವರೆಲ್ಲ ಆಕೆಯ ಶಿಸ್ತನ್ನು, ಶ್ರುತಿಜ್ಞಾನವನ್ನು ಹೊಗಳಿದರು. ಈ ಹೊಟ್ಟೆಕಿಚ್ಚಿನ ಮಾತನ್ನು ಯಾರೂ ಎತ್ತಲಿಲ್ಲ. ಹಾರ ಹಾಕುವ ಸಭೆಯಲ್ಲಿ ಆಡುವ ಮಾತಲ್ಲ, ಒಪ್ಪುತ್ತೇನೆ. ಆದರೆ ಅದನ್ನು ಬಿಟ್ಟು ಬರೆದರೆ ಆಕೆಯ ಬಗ್ಗೆ ಬರೆದಂತೆಯೇ ಆಗುವುದಿಲ್ಲ.

ಶಿಕಾರಿಪುರದ ಹೆಣ್ಣುಮಕ್ಕಳ ಮಾಧ್ಯಮಿಕ ಶಾಲೆಯೊಂದಕ್ಕೆ ನಾನು ಮುಖ್ಯೋಪಾಧ್ಯಾಯಿನಿಯಾಗಿ ಬಂದದ್ದು ತೊಂಬತ್ಮೂರರಲ್ಲಿ. ಆಕೆ ಅಷ್ಟರಲ್ಲಾಗಲೇ ಹದಿನಾರು ವರ್ಷ ಅಲ್ಲಿ ಸಂಗೀತ ಕಲಿಸಿದ್ದಳು. ಸೊರಬ ತಾಲ್ಲೂಕಿನ ಹೊಸಬಾಳೆಯ ರೈತರ ಮನೆಯ ಮಗಳು. ತಂದೆ ಉಜ್ಜಪ್ಪ ವಾರಕ್ಕೆರಡು ದಿನ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಶಿರಾಳಕೊಪ್ಪದವರೆಗೆ ಪಾಠಕ್ಕೆ ಕರೆದೊಯ್ದದ್ದರಿಂದ ಸಂಗೀತದ ಸೀನಿಯರ್ ಪರೀಕ್ಷೆಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದ್ದಳು. ಕಿವಿ ಎಷ್ಟು ಸೂಕ್ಷ್ಮವೆಂದರೆ, ಗಂಡ ಮಹಾಂತೇಶ್ ಬಚ್ಚಲಲ್ಲೂ ಗುನುಗುವಂತಿರಲಿಲ್ಲ. ನನ್ನ ಬೀಜ ಗೊಬ್ಬರದ ಅಂಗಡಿಗೆ ಹೋಗಿ ಹಾಡಿಕೊಳ್ಳುತ್ತೇನೆ ಎಂದು ಆತನೇ ಹೇಳಿ ನಗುತ್ತಿದ್ದ.

ಐದು, ಆರು, ಏಳನೆಯ ತರಗತಿಗಳಿಗೆ ವಾರಕ್ಕೆರಡು ಪಿರಿಯಡ್ ಸಂಗೀತ. ಜೂನ್ ಮೊದಲ ವಾರ ಪ್ರತಿ ಹುಡುಗಿಯೂ ಹಾರ್ಮೋನಿಯಂ ಪಕ್ಕ ನಿಂತು ಸ-ಪ-ಸ ಹಾಡಬೇಕು. ದನಿ ಶ್ರುತಿಗೆ ಕೂಡದಿದ್ದರೆ ಅಕ್ಕನಾಗಮ್ಮ ತನ್ನ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ‘ತು’ ಎಂದು ಬರೆದುಕೊಳ್ಳುತ್ತಿದ್ದಳು. ಆಮೇಲೆ ಹುಡುಗಿಗೆ, ನೀನು ತುಟಿ ಆಡಿಸಿದರೆ ಸಾಕು, ದನಿ ಬೇಡ ಎನ್ನುತ್ತಿದ್ದಳು. ಅವರೆಲ್ಲ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಶಾಲೆಯಲ್ಲಿ ಅದಕ್ಕೆ ತುಟಿ ಸಾಲು ಎಂದೇ ಹೆಸರು. ನಲವತ್ತು ಮಕ್ಕಳಲ್ಲಿ ಹದಿನೈದು ಹದಿನಾರು ಮಂದಿ ಏಳನೆಯ ತರಗತಿ ಮುಗಿಸುವವರೆಗೂ ಅಲ್ಲೇ ಇರುತ್ತಿದ್ದರು. ಇದು ನನಗೆ ಗೊತ್ತಿತ್ತು. ಆಗಸ್ಟ್ ಹದಿನೈದರ ಹಾಡು ಅಚ್ಚುಕಟ್ಟಾಗಿ ಬರುತ್ತಿತ್ತು, ಹಾಗಾಗಿ ನಾನು ಪ್ರಶ್ನೆ ಕೇಳಲಿಲ್ಲ.

ತೊಂಬತ್ತೈದರ ಜೂನಿನಲ್ಲಿ ಹೊಲಿಗೆ ಕಲಿಸಲು ಇಶ್ರತ್ ಎಂಬ ಹುಡುಗಿ ತಾತ್ಕಾಲಿಕವಾಗಿ ನೇಮಕವಾದಳು. ಇಪ್ಪತ್ತೆರಡು ವರ್ಷ. ಪೇಟೆಯಲ್ಲಿ ಹಾರ್ಮೋನಿಯಂ, ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ ಕುತುಬುದ್ದೀನ್ ಸಾಹೇಬರ ಮಗಳು. ಸಂಗೀತದ ಕೋಣೆಗೂ ಹೊಲಿಗೆಯ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಆ ಹಲಗೆಯ ಆಚೆಯಿಂದ ದಿನಾ ಹಾಡು ಬರತೊಡಗಿತು. ಸರಪಳಿ ಹೊಲಿಗೆಯ ಲೆಕ್ಕ ತಪ್ಪದಿರಲು ಇಶ್ರತ್ ತಾನೇ ಕಟ್ಟಿದ ನಾಲ್ಕು ಸಾಲನ್ನು ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು; ಬಟ್ಟೆಯ ಮೇಲೆ ಬಗ್ಗಿದ ಮಕ್ಕಳೂ ದನಿಗೂಡಿಸುತ್ತಿದ್ದರು. ಅಕ್ಕನಾಗಮ್ಮ ಒಂದು ದಿನ ಬಾಗಿಲಿಗೆ ಹೋಗಿ ಇಣುಕಿದಳು. ಎಲ್ಲರಿಗಿಂತ ಮುಂದಾಗಿ ಹಾಡುತ್ತಿದ್ದವಳು ಬಂದಳಿಕೆಯಿಂದ ಬರುತ್ತಿದ್ದ ಏಳನೆಯ ತರಗತಿಯ ಚೌಡೇಶ್ವರಿ. ಆ ಹೆಸರಿನ ಮುಂದೆ ಮೂರು ವರ್ಷದಿಂದ ‘ತು’ ಇತ್ತು.

ಹೊಲಿಗೆ ಕೋಣೆಯಲ್ಲಿ ಗಲಾಟೆ ಎಂದು ದೂರು ಬಂತು. ಎಂಥ ಗಲಾಟೆ ಎಂದರೆ ಅಕ್ಕನಾಗಮ್ಮ ‘ಹಾಡು’ ಎಂಬ ಪದ ಬಳಸಲಿಲ್ಲ. ಇಶ್ರತ್‌ಳನ್ನು ಕರೆಸಿದೆ. ಎಣಿಕೆಗೆ ಹಾಡುತ್ತೇವೆ ಮೇಡಂ, ಬೇಡವೆಂದರೆ ಬಿಡುತ್ತೇವೆ ಎಂದಳು. ಬಿಡಿ ಎಂದೆ. ಆದರೂ ಅಕ್ಕನಾಗಮ್ಮನಿಗೆ ಸಮಾಧಾನವಾಗಲಿಲ್ಲ. ಬಿಡುವಿನಲ್ಲಿ ಎಷ್ಟು ಹುಡುಗಿಯರು ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ, ಇಶ್ರತ್‌ಳ ಕೊಡೆಯನ್ನು ಇವತ್ತು ಯಾರು ಹಿಡಿದು ತಂದರು, ಎಲ್ಲವೂ ಆಕೆಗೆ ಗೊತ್ತಿರುತ್ತಿತ್ತು. ಮುಂದಿನ ಸಾಲಿನ ಹಾಡುಗಾರ್ತಿ ಸೌಂದರ್ಯ ಕೂಡ ಸೂಜಿಗೆ ದಾರ ಪೋಣಿಸಲು ಅಲ್ಲಿಗೆ ಹೋದ ದಿನ ಸ್ಟಾಫ್ ರೂಮಿನಲ್ಲಿ ಚಹಾದ ಲೋಟ ಕೆಳಗಿಟ್ಟು ಹೇಳಿದಳು:

“ನನ್ನ ಹಾರ್ಮೋನಿಯಂ ಎತ್ತಿಡೋಕೆ ಇಬ್ಬರು ಬನ್ರೇ ಅಂತ ನಾನು ಕರೀಬೇಕು. ಅವಳ ಕತ್ತರಿ ಹಿಡ್ಕೊಳ್ಳೋಕೆ ಆರು ಜನ.”

ಆ ನವೆಂಬರಿನಲ್ಲಿ ಸೊರಬದಲ್ಲಿ ಮಾಧ್ಯಮಿಕ ಶಾಲೆಗಳ ಸಮೂಹಗಾನ ಸ್ಪರ್ಧೆ ಇತ್ತು. ಅದಕ್ಕೆ ಮೂರು ವಾರವಿರುವಾಗ ಹಾರ್ಮೋನಿಯಂನ ತಿದಿ ಹರಿಯಿತು. ಶಾಲೆಯ ವಸ್ತುವನ್ನು ಹೊರಗೆ ಕಳಿಸುವಂತಿಲ್ಲವಾದ್ದರಿಂದ ಕುತುಬುದ್ದೀನ್ ಸಾಹೇಬರೇ ಬಂದು ನನ್ನ ಕೋಣೆಯಲ್ಲಿ ಕೂತು ರಿಪೇರಿ ಮಾಡಿದರು. ಅಕ್ಕನಾಗಮ್ಮ ಎದುರಿಗೇ ನಿಂತಿದ್ದಳು. ಚರ್ಮ ಅಂಟಿಸಿ ಮುಗಿಸಿದ ಮೇಲೆ ಅವರು ಬೆರಳೊತ್ತುವ ಮನೆಗಳನ್ನು ಒಂದೊಂದಾಗಿ ಒರೆಸುತ್ತಾ ಬಂದರು. ಬಲಗಡೆಯವು ಬೆರಳಿನ ಗುರುತಿಗೆ ಸವೆದು ಹಳ್ಳ ಬಿದ್ದಿದ್ದವು.

“ಅಮ್ಮಾರೆ, ಈ ಎಡಗಡೆ ಮನೆಗಳು ಅಂಗಡೀಲಿ ಇದ್ದಂಗೇ ಅದಾವಲ್ರೀ. ಯಾರೂ ಮುಟ್ಟೇ ಇಲ್ಲ.”

“ನನ್ನ ಶ್ರುತಿ ಕಪ್ಪು ಐದು,” ಎಂದಳು ಅಕ್ಕನಾಗಮ್ಮ, ಐದನೆಯ ಕಪ್ಪು ಮನೆಯನ್ನು ಮುಟ್ಟಿ ತೋರಿಸಿ. “ನಾನು ಅದರಲ್ಲೇ ಹಾಡೋದು.”

“ನಿಮ್ದು ಸರಿ ಬಿಡ್ರೀ. ಮಕ್ಕಳದ್ದು?”

ಯಾವ ಅಳತೆಯ ತಿರುಪು ಬೇಕು ಎಂದು ಕೇಳುವವರ ಹಾಗೆ ಕೇಳಿದರು, ಚುಚ್ಚಬೇಕೆಂದಲ್ಲ. ಅಕ್ಕನಾಗಮ್ಮ ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿದಳು. ನಾನು ಗಣಿತ ಓದಿದವಳು. ಆ ಪ್ರಶ್ನೆಯಲ್ಲಿ ಏನಿದೆಯೆಂದು ಆಗ ನನಗೆ ತಿಳಿಯಲಿಲ್ಲ.

ಮುಂದಿನದನ್ನು ಆಕೆಯೇ ನನಗೆ ಹೇಳಿದ್ದು, ಆಕೆ ನಿವೃತ್ತಳಾದ ಮೇಲೆ, ಅವರ ಮನೆಯ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ. ರಿಪೇರಿಯಾದ ಮರುದಿನ ಶಾಲೆ ಬಿಟ್ಟ ಮೇಲೆ ಚೌಡೇಶ್ವರಿಯನ್ನು ನಿಲ್ಲಿಸಿಕೊಂಡಳಂತೆ. ಕಪ್ಪು ಐದರಲ್ಲಿ ಶ್ರುತಿ ಹಿಡಿದು ಹಾಡು ಎಂದಾಗ ಹುಡುಗಿ ಅಭ್ಯಾಸಬಲದಿಂದ ತುಟಿ ಮಾತ್ರ ಆಡಿಸಿದಳು. ದನಿ ತೆಗಿ ಎಂದ ಮೇಲೆ ತೆಗೆದಳು. ಮೇಲಿನ ಷಡ್ಜ ಮುಟ್ಟುವಷ್ಟರಲ್ಲಿ ಒಡೆಯಿತು. ಅಕ್ಕನಾಗಮ್ಮ ಒಂದೊಂದೇ ಮನೆ ಕೆಳಗಿಳಿದಳು. ಮೂರನೆಯದು ಬಿಳಿ ಐದು. ಅಲ್ಲಿ ದನಿ ನಿಂತಿತು. ಪಂಚಮ ಸರಿಯಾಗಿತ್ತು, ಮೇಲಿನ ಷಡ್ಜವೂ ಸರಿಯಾಗಿತ್ತು.

ಕೇಳಿ ಸಂತೋಷವಾಯಿತೇ ಎಂದು ಕೇಳಿದೆ.

“ಇಲ್ಲ ಮೇಡಂ. ಮೈಯೆಲ್ಲ ಉರೀತು. ಆ ಇಶ್ರತ್‌ಗೆ ಶ್ರುತಿ ಅಂದ್ರೆ ಏನಂತಲೇ ಗೊತ್ತಿಲ್ಲ, ಈ ಹುಡುಗಿ ದನಿ ಸುಮ್ಮನೆ ಸಿಕ್ತು. ನನಗೆ ಹದಿನೆಂಟು ವರ್ಷ ಸಿಗಲಿಲ್ಲವಲ್ಲ.”

ನಾನು ಇದನ್ನು ನಂಬುತ್ತೇನೆ. ಮರುದಿನ ತುಟಿ ಸಾಲಿನ ಎಲ್ಲರನ್ನೂ ಹಾರ್ಮೋನಿಯಂ ಬಳಿಗೆ ಕರೆದದ್ದು ಪಶ್ಚಾತ್ತಾಪದಿಂದಲ್ಲ. ಹುಡುಗಿಯರು ಹಲಗೆಯ ಆಚೆಯಿಂದ ಈಚೆಗೆ ಬರಬೇಕಿತ್ತು, ಅಷ್ಟೇ. ಆದರೆ ಒಂದು ತೊಡಕಿತ್ತು. ಆಕೆಯದು ತೆಳುವಾದ, ಎತ್ತರದ ದನಿ. ವಯಸ್ಸು ಐವತ್ತು ದಾಟಿತ್ತು. ತನ್ನ ಷಡ್ಜದಿಂದ ಕೆಳಗಿಳಿದರೆ ಬರುವುದು ಬರಿಯ ಉಸಿರು. ಸಾಲನ್ನು ಮೊದಲು ತಾನು ಹಾಡಿ, ಆಮೇಲೆ ಮಕ್ಕಳಿಂದ ಹೇಳಿಸಿಯೇ ಇಷ್ಟು ವರ್ಷ ಕಲಿಸಿದ್ದಳು. ಬಿಳಿ ಐದಕ್ಕೆ ಇಳಿದರೆ ಎಲ್ಲರೂ ಹಾಡುತ್ತಾರೆ, ತನ್ನೊಬ್ಬಳಿಂದ ಹಾಡಲಾಗುವುದಿಲ್ಲ. ಕಪ್ಪು ಐದರಲ್ಲೇ ಉಳಿದರೆ ಸಭೆಯಲ್ಲಿ ತನ್ನ ದನಿ ಇರುತ್ತದೆ, ಹಿಂದಿನ ಸಾಲು ಎಂದಿನಂತೆ ತುಟಿ ಆಡಿಸುತ್ತದೆ. ಮೂರು ವಾರ ಎರಡೂ ಶ್ರುತಿಯಲ್ಲಿ ಅಭ್ಯಾಸ ನಡೆಯಿತು. ಸೊರಬದಲ್ಲಿ ಯಾವುದು ಎಂದು ಮಕ್ಕಳಿಗೂ ಹೇಳಲಿಲ್ಲ.

ಇಬ್ಬರು ಶಿಕ್ಷಕಿಯರು ಜೊತೆಗಿರಬೇಕೆಂಬ ನಿಯಮವಿತ್ತು. ಇಶ್ರತ್‌ಳ ಹೆಸರು ಹಾಕಿದೆ. ಬದಲಾಯಿಸಿ ಎಂದು ಅಕ್ಕನಾಗಮ್ಮ ಎರಡು ಸಲ ಬಂದು ಕೇಳಿದಳು. ಬದಲಾಯಿಸಲಿಲ್ಲ. ನಾನೂ ಹೊರಟೆ. ಬಸ್ಸಿನಲ್ಲಿ ಹುಡುಗಿಯರೆಲ್ಲ ಇಶ್ರತ್‌ಳ ಸುತ್ತ ಕೂತರು. ಅಕ್ಕನಾಗಮ್ಮ ಹಾರ್ಮೋನಿಯಂ ಪಕ್ಕ ಒಬ್ಬಳೇ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಮಗಿಂತ ಮೊದಲು ಏಳು ಶಾಲೆಗಳವರು ಹಾಡಿದರು. ಎಲ್ಲ ಶಾಲೆಯ ಟೀಚರುಗಳೂ ವಾದ್ಯ ನುಡಿಸುತ್ತಾ ಜೊತೆಗೆ ಹಾಡಿದರು, ಅದಕ್ಕೆ ಅಡ್ಡಿಯಿರಲಿಲ್ಲ. ಇಶ್ರತ್ ಮುಂದಿನ ಬೆಂಚಿನಲ್ಲಿ ಮಕ್ಕಳ ಪಿನ್ನುಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ನಮ್ಮ ಸರದಿ ಬಂತು. ಇಪ್ಪತ್ತನಾಲ್ಕು ಹುಡುಗಿಯರು ಎರಡು ಸಾಲಾಗಿ ನಿಂತರು. ಅಕ್ಕನಾಗಮ್ಮನ ಬೆರಳು ಬಲಗಡೆ ಹೋಯಿತು, ಅಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಎಡಕ್ಕೆ ಇಳಿಯಿತು. ಮೊದಲ ಸಾಲು ಬಂದಾಗ ಹಿಂದಿನ ಬೆಂಚುಗಳಲ್ಲಿ ಮಾತು ನಿಂತಿತು. ಮಕ್ಕಳ ಹಾಡನ್ನು ಅವರ ಮೇಲಿನ ಪ್ರೀತಿಗಾಗಿ ಸಹಿಸಿಕೊಳ್ಳುವುದು ವಾಡಿಕೆ. ಆ ದಿನ ಸಹಿಸಬೇಕಾದದ್ದೇನೂ ಇರಲಿಲ್ಲ. ಚೌಡೇಶ್ವರಿ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಹಾರ್ಮೋನಿಯಂ ಹಿಂದೆ ಅಕ್ಕನಾಗಮ್ಮನ ತುಟಿ ಪ್ರತಿ ಸಾಲಿಗೂ ಆಡುತ್ತಿತ್ತು. ದನಿ ಇರಲಿಲ್ಲ.

ಸಭೆಯಲ್ಲಿ ಅದನ್ನು ಗಮನಿಸಿದ ಇನ್ನೊಬ್ಬಳು ಇಶ್ರತ್. ಆಕೆ ಸ್ವಲ್ಪ ಹೊತ್ತು ನೋಡಿ, ತಲೆ ತಗ್ಗಿಸಿ, ಡಬ್ಬಿಯ ಪಿನ್ನುಗಳನ್ನು ಜೋಡಿಸತೊಡಗಿದಳು.

ನಮಗೆ ಎರಡನೆಯ ಬಹುಮಾನ ಬಂತು. ಹಿಂದಿರುಗುವಾಗಲೂ ಹುಡುಗಿಯರು ಇಶ್ರತ್‌ಳ ಸುತ್ತಲೇ ಕೂತರು.

ಮುಂದಿನ ಜೂನಿನಲ್ಲಿ ಅಕ್ಕನಾಗಮ್ಮನ ಪಟ್ಟಿಯನ್ನು ತರಿಸಿ ನೋಡಿದೆ. ಯಾವ ಹೆಸರಿನ ಮುಂದೆಯೂ ‘ತು’ ಇರಲಿಲ್ಲ. ಅದೇ ವಾರ ಆಕೆಯಿಂದ ಒಂದು ಅರ್ಜಿಯೂ ಬಂತು. ಸಂಗೀತದ ತರಗತಿಯಲ್ಲಿ ಈಗ ಎಲ್ಲ ಮಕ್ಕಳೂ ಹಾಡುವುದರಿಂದ ಪಕ್ಕದ ಹೊಲಿಗೆ ತರಗತಿಗೆ ತೊಂದರೆಯಾಗುತ್ತಿದೆ, ಆದ್ದರಿಂದ ಹೊಲಿಗೆಯನ್ನು ವರಾಂಡದ ಆ ತುದಿಯ ಕೋಣೆಗೆ ಬದಲಾಯಿಸಬೇಕು ಎಂದು ಬರೆದಿದ್ದಳು. ಮಂಜೂರು ಮಾಡಿದೆ.